ಕಳೆದುಕೊಂಡವರ ಬಲ

ಬ್ಯಾಟ್‌ಮನ್‌ನಿಂದ ದುಡ್ಡು ಕಿತ್ತುಕೊಂಡರೆ ಉಳಿಯುವುದೇನು? 2024ರ ಅಕ್ಟೋಬರಿನಲ್ಲಿ ಡಿಸಿ ಕಂಪನಿ ತಂದ ‘ಅಬ್ಸಲ್ಯೂಟ್ ಬ್ಯಾಟ್‌ಮನ್’ ಮೊದಲ ಸಂಚಿಕೆ ಕೇಳಿದ್ದು ಇಷ್ಟನ್ನೇ. ಸ್ಕಾಟ್ ಸ್ನೈಡರ್ ಬರೆದು ನಿಕ್ ಡ್ರಗೊಟ್ಟಾ ಚಿತ್ರಿಸಿದ ಈ ಬ್ರೂಸ್ ವೇನ್‌ಗೆ ಬಂಗಲೆಯಿಲ್ಲ, ತಲೆಮಾರುಗಳ ಆಸ್ತಿಯಿಲ್ಲ, ಗಾಯಕ್ಕೆ ಪಟ್ಟಿ ಕಟ್ಟುವ ಮನೆಯಾಳಿಲ್ಲ. ಇಲ್ಲಿನ ಆಲ್‌ಫ್ರೆಡ್ ಅವನ ಮೇಲೆ ಕಣ್ಣಿಡಲು ಬಂದ ಬ್ರಿಟಿಷ್ ಗೂಢಚಾರ. ಅಪ್ಪ ಶಾಲೆಯ ಮೇಷ್ಟ್ರು, ಮಕ್ಕಳನ್ನು ಮೃಗಾಲಯ ತೋರಿಸಲು ಕರೆದೊಯ್ದಾಗ ಗುಂಡಿಗೆ ಬಲಿಯಾದವನು. ಅಮ್ಮ ಬದುಕಿದ್ದಾಳೆ. ಮಗ ಸಿವಿಲ್ ಎಂಜಿನಿಯರ್. 1939ರಿಂದ ಆ ಪಾತ್ರದ ಬೆನ್ನಿಗಿದ್ದ ಐಶ್ವರ್ಯವನ್ನೆಲ್ಲ ಒಮ್ಮೆಗೇ ಕಳಚಿಟ್ಟರೂ ಬ್ಯಾಟ್‌ಮನ್ ಕುಗ್ಗಲಿಲ್ಲ. 2024ರಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಕಾಮಿಕ್ಸ್ ಈ ಮೊದಲ ಸಂಚಿಕೆಯೇ.

*

ನಾಯಕನಿಗೆ ಶಕ್ತಿ ಕೊಡಲು ಯಾರಿಗಾದರೂ ಬರುತ್ತದೆ. ಅವನಿಂದ ಏನನ್ನು ಕಸಿಯಬೇಕೆಂದು ತಿಳಿದಿರುವುದು ಕತೆಗಾರನಿಗೆ ಮಾತ್ರ.

*

ಹಳೆಯ ಬ್ರೂಸ್ ಬಡವರ ಕೇರಿಗೆ ರಾತ್ರಿ ಹೊತ್ತು ಇಳಿದು ಬರುತ್ತಿದ್ದ. ಬೆಳಗಾದರೆ ಗುಡ್ಡದ ಮೇಲಿನ ಮನೆಗೆ ಮರಳುತ್ತಿದ್ದ. ಕೋಟ್ಯಧೀಶನೊಬ್ಬ ಹೊಟ್ಟೆಪಾಡಿನ ಕಳ್ಳರನ್ನು ಹೊಡೆಯುವ ಈ ಕತೆ ಓದುಗನಲ್ಲಿ ಒಂದು ಕಸಿವಿಸಿಯನ್ನು ಉಳಿಸುತ್ತಲೇ ಬಂದಿತ್ತು. ಹೊಸ ಬ್ರೂಸ್ ಅದೇ ಕೇರಿಯ ಹುಡುಗ. ವೇಲನ್, ಆಸ್ವಾಲ್ಡ್, ಹಾರ್ವಿ, ಎಡ್ವರ್ಡ್ ಅವನ ಬಾಲ್ಯದ ಗೆಳೆಯರು. ಹಳೆಯ ಲೆಕ್ಕದಲ್ಲಿ ಇವರೆಲ್ಲ ಮುಂದೆ ಕಿಲ್ಲರ್ ಕ್ರಾಕ್, ಪೆಂಗ್ವಿನ್, ಟೂ-ಫೇಸ್, ರಿಡ್ಲರ್ ಆಗಬೇಕಾದವರು. ಓದುಗನಿಗೆ ಇದು ಗೊತ್ತು, ಬ್ರೂಸ್‌ಗೆ ಗೊತ್ತಿಲ್ಲ. ಗೆಳೆಯರು ಕೂತು ನಗುತ್ತಿರುವ ಪುಟದಲ್ಲೂ ನಮ್ಮ ಎದೆ ಡವಗುಟ್ಟುವುದು ಅದಕ್ಕೇ. ದುಡ್ಡೆಲ್ಲ ಇಲ್ಲಿ ಜೋಕರ್ ಕಡೆಗೆ ಹೋಗಿದೆ. ಈ ಒಂದು ಅದಲುಬದಲಿನಲ್ಲೇ ಅರ್ಧ ಕತೆ ಮುಗಿದಿದೆ.

*

ಆದರೂ ಒಂದು ಮಾತು ಹೇಳಲೇಬೇಕು. ಬೇನ್ ಎಂಬ ಖಳ ಬಂದ ಮೇಲಿನ ಸಂಚಿಕೆಗಳಲ್ಲಿ ಕ್ರೌರ್ಯ ಅಳತೆ ಮೀರಿತು. ಮುರಿದ ಮೂಳೆ, ಸುಲಿದ ಚರ್ಮ, ಪುಟ ತಿರುವಿದರೆ ಮತ್ತೆ ಅದೇ. ನೋವನ್ನು ಹೆಚ್ಚು ತೋರಿಸಿದಷ್ಟೂ ಹೆಚ್ಚು ನೋವಾಗುತ್ತದೆ ಎಂದು ಭಾವಿಸುವುದು ಚಿತ್ರಕಾರರಿಗೆ ಸುಲಭವಾಗಿ ಅಂಟುವ ಭ್ರಮೆ. ಅದೇ ಮಾಲೆಯಲ್ಲಿ ಮಾರ್ಕೋಸ್ ಮಾರ್ಟಿನ್ ಚಿತ್ರಿಸಿದ ಮಿಸ್ಟರ್ ಫ್ರೀಜ್‌ನ ಎರಡು ಸಂಚಿಕೆಗಳು ಕಡಿಮೆ ತೋರಿಸಿ ಹೆಚ್ಚು ನಡುಗಿಸಿದವು.

*

ವಂಡರ್ ವುಮನ್‌ನಿಂದ ಸ್ವರ್ಗವನ್ನೇ ಕಿತ್ತುಕೊಂಡರು. ಕೆಲ್ಲಿ ಥಾಂಪ್ಸನ್ ಬರೆದು ಹೇಡನ್ ಶರ್ಮನ್ ಚಿತ್ರಿಸಿದ ‘ಅಬ್ಸಲ್ಯೂಟ್ ವಂಡರ್ ವುಮನ್’ನಲ್ಲಿ ಡಯಾನಾ ಅಮೆಜಾನ್ ಹೆಂಗಸರ ಸುಂದರ ದ್ವೀಪದಲ್ಲಿ ಬೆಳೆಯುವುದಿಲ್ಲ. ಹಸುಗೂಸಾಗಿದ್ದಾಗಲೇ ಅವಳನ್ನು ನರಕಕ್ಕೆ ತಂದು ಸರ್ಸಿ ಎಂಬ ಮಾಟಗಾತಿಯ ಕೈಗಿಡುತ್ತಾರೆ. ಬೇಡದ ಮಗುವನ್ನು ಒಲ್ಲದ ಮನಸ್ಸಿನಿಂದ ಎತ್ತಿಕೊಂಡ ಸರ್ಸಿ ಮೆಲ್ಲಗೆ ತಾಯಿಯಾಗುತ್ತಾಳೆ. ನರಕದಲ್ಲಿ ಬೆಳೆದ ಹುಡುಗಿ ಕಠೋರಳಾಗಿರುತ್ತಾಳೆ ಎಂದುಕೊಂಡು ನಾವು ಪುಟ ತಿರುವಿದರೆ, ಅಲ್ಲಿ ಕಾಣುವವಳು ಆ ಪಾತ್ರದ ಇಡೀ ಚರಿತ್ರೆಯಲ್ಲೇ ಅತ್ಯಂತ ಕರುಣೆಯ ಡಯಾನಾ. ಎಲುಬಿನ ಗೂಡಾದ ಪೆಗಾಸಸ್ ಕುದುರೆ, ಆಳೆತ್ತರದ ಕತ್ತಿ, ಮೈಮೇಲೆ ಮಂತ್ರದ ಗುರುತುಗಳು. ಕಣ್ಣಿನಲ್ಲಿ ಮಾತ್ರ ದ್ವೇಷದ ಸುಳಿವಿಲ್ಲ.

ಭೂಮಿಯಿಂದ ಬಂದು ಪಾತಾಳದಲ್ಲಿ ಸಿಕ್ಕಿಕೊಂಡ ಸ್ಟೀವ್ ಟ್ರೆವರ್‌ನನ್ನು ಮನೆಗೆ ಕಳಿಸಲು ಅವಳು ತನ್ನ ತೋಳನ್ನೇ ತೆರುತ್ತಾಳೆ. ಅವನು ಪ್ರಿಯಕರನೆಂದಲ್ಲ, ಅವನಿಗೆ ಅಲ್ಲಿರಬೇಕಾದ ಕಾರಣವಿಲ್ಲ ಎಂದು. ಥಾಂಪ್ಸನ್ ಇದನ್ನು ದೊಡ್ಡ ತ್ಯಾಗವೆಂದು ಡಂಗುರ ಹೊಡೆಯುವುದಿಲ್ಲ. 2025ರಲ್ಲಿ ಅತ್ಯುತ್ತಮ ಹೊಸ ಮಾಲೆಗೆ ಕೊಡುವ ಐಸ್ನರ್ ಪ್ರಶಸ್ತಿ ಇದಕ್ಕೆ ಬಂದಾಗ ಮತ ಹಾಕಿದವರು ನಮ್ಮ ಮನಸ್ಸನ್ನು ಓದಿದ್ದಾರೆ ಎನಿಸಿತು.

*

ಒಳ್ಳೆಯವರ ಕತೆ ಬರೆಯುವುದು ಕೆಟ್ಟವರ ಕತೆ ಬರೆಯುವುದಕ್ಕಿಂತ ಕಷ್ಟ. ಕೆಟ್ಟವನಿಗೆ ಒಂದು ಗಾಯ ಕೊಟ್ಟರೆ ಸಾಕು, ಓದುಗ ನಂಬುತ್ತಾನೆ. ಒಳ್ಳೆಯವನನ್ನು ನಂಬಿಸಬೇಕಾದರೆ ಪ್ರತಿ ಸಂಚಿಕೆಯಲ್ಲೂ ಹೊಸದಾಗಿ ದುಡಿಯಬೇಕು.

*

ಜೇಸನ್ ಆರನ್ ಬರೆದು ರಫಾ ಸಾಂಡೊವಾಲ್ ಚಿತ್ರಿಸಿದ ‘ಅಬ್ಸಲ್ಯೂಟ್ ಸೂಪರ್‌ಮ್ಯಾನ್’ನಲ್ಲಿ ಕ್ರಿಪ್ಟಾನ್ ಗ್ರಹ ಮೇಲು ಕೀಳೆಂದು ಒಡೆದ ಸಮಾಜ. ಎದೆಯ ಮೇಲಿನ ಆ ಪ್ರಸಿದ್ಧ ಚಿಹ್ನೆ ಅಲ್ಲಿ ದುಡಿಯುವ ವರ್ಗದ ಗುರುತು. ಭೂಮಿಗೆ ಬಂದ ಹುಡುಗ ಮೊದಲು ಕಾಣಿಸಿಕೊಳ್ಳುವುದು ಪತ್ರಿಕಾ ಕಚೇರಿಯಲ್ಲಲ್ಲ, ಗಣಿ ಕಾರ್ಮಿಕರ ನಡುವೆ. ಲೋಯಿಸ್ ಲೇನ್ ಈ ಕತೆಯ ಶುರುವಿನಲ್ಲಿ ಗಣಿಗಾರಿಕೆ ಕಂಪನಿಯ ಪರ ಕೆಲಸ ಮಾಡುವವಳು. 1938ರಲ್ಲಿ ಜೆರ್ರಿ ಸೀಗಲ್, ಜೋ ಶುಸ್ಟರ್ ಸೃಷ್ಟಿಸಿದ ಮೊದಲ ಸೂಪರ್‌ಮ್ಯಾನ್ ಹೆಂಡತಿಯನ್ನು ಹೊಡೆಯುವವನ ಕೊರಳಪಟ್ಟಿ ಹಿಡಿಯುತ್ತಿದ್ದ, ಗಣಿ ಮಾಲೀಕನಿಗೆ ಬುದ್ಧಿ ಕಲಿಸುತ್ತಿದ್ದ. ಹೊಸ ಸೂಪರ್‌ಮ್ಯಾನ್ ರಾಜಕೀಯ ಮಾತಾಡುತ್ತಾನೆ ಎಂದು ದೂರುವವರು ಆ ಹಳೆಯ ಸಂಚಿಕೆಗಳನ್ನು ತೆಗೆದು ನೋಡಲಿ. ಅವನು ಹುಟ್ಟಿದ್ದೇ ಹಾಗೆ.

*

ಅಬ್ಸಲ್ಯೂಟ್ ಸಾಲಿನ ಫ್ಲ್ಯಾಶ್ ಓಡುತ್ತಾನೆ, ನಾವು ಹಿಂದೆಯೇ ಹೋಗುತ್ತೇವೆ, ಮುಗಿದ ಮೇಲೆ ಹೆಚ್ಚೇನೂ ಉಳಿಯುವುದಿಲ್ಲ. ಗ್ರೀನ್ ಲ್ಯಾಂಟರ್ನ್‌ನ ಮೊದಲ ಸಂಚಿಕೆಗಳು ಕಗ್ಗಂಟು. ಅದನ್ನು ಬರೆದ ಅಲ್ ಯೂವಿಂಗ್ ‘ಇಮ್ಮಾರ್ಟಲ್ ಹಲ್ಕ್’ನ 50 ಸಂಚಿಕೆ ಬರೆದ ಕತೆಗಾರ ಎಂಬ ಗೌರವದಿಂದ ತಾಳ್ಮೆ ತಂದುಕೊಂಡೆ.

*

ಈ ಎರಡು ವರ್ಷಗಳಲ್ಲಿ ನಾನು ಓದಿದ ಅತ್ಯುತ್ತಮ ಸೂಪರ್‌ಹೀರೋ ಕಾಮಿಕ್ಸ್‌ನಲ್ಲಿ ಸೂಪರ್‌ಹೀರೋ ಇದ್ದಾನೆಂದು ಹೇಳುವುದೇ ಕಷ್ಟ. ಡೆನಿಜ್ ಕ್ಯಾಂಪ್ ಬರೆದು ಹಾವಿಯೆರ್ ರೋಡ್ರಿಗೆಸ್ ಚಿತ್ರಿಸಿದ ‘ಅಬ್ಸಲ್ಯೂಟ್ ಮಾರ್ಷಿಯನ್ ಮ್ಯಾನ್‌ಹಂಟರ್’ 2025ರ ಮಾರ್ಚಿನಲ್ಲಿ ಶುರುವಾಯಿತು. 1955ರಿಂದ ಇರುವ ಈ ಪಾತ್ರ ಮಂಗಳದಿಂದ ಬಂದ ಹಸಿರು ಮೈಯ ದೈತ್ಯ. ಹೊಸ ಕತೆಯಲ್ಲಿ ಅವನು ಜಾನ್ ಜೋನ್ಸ್, ಎಫ್‌ಬಿಐನ ಸಾಮಾನ್ಯ ಅಧಿಕಾರಿ, ಬಾಂಬ್ ಸ್ಫೋಟವೊಂದರಲ್ಲಿ ಬದುಕುಳಿದವನು. ಹೆಂಡತಿ, ಮಗ ಇದ್ದಾರೆ. ಅವರ ಜೊತೆ ಮಾತಾಡುವುದನ್ನು ಮರೆತಿದ್ದಾನೆ. ಸ್ಫೋಟದ ಮರುದಿನದಿಂದ ಜನರ ಯೋಚನೆಗಳು ಅವನಿಗೆ ಬಣ್ಣದ ಹೊಗೆಯಾಗಿ ಕಾಣತೊಡಗುತ್ತವೆ. ಮಂಗಳದವನು ಹೊರಗಿಲ್ಲ, ಅವನ ತಲೆಯೊಳಗೆ ಇದ್ದಾನೆ.

ರೋಡ್ರಿಗೆಸ್ ಬಣ್ಣವನ್ನೂ ತಾವೇ ಹಚ್ಚುತ್ತಾರೆ. ಬೀದಿಯಲ್ಲಿ ಹೋಗುವ ಹತ್ತು ಜನರ ತಲೆಯಿಂದ ಹತ್ತು ಬಣ್ಣದ ಹೊಗೆ ಏಳುತ್ತದೆ. ಒಬ್ಬನ ಹೊಗೆಯಲ್ಲಿ ಸಾಲದ ಚಿಂತೆ, ಇನ್ನೊಬ್ಬಳದರಲ್ಲಿ ಸತ್ತ ತಾಯಿ. ಒಂದು ಸಂಚಿಕೆಯಲ್ಲಂತೂ ಹಾಳೆಯನ್ನು ಬೆಳಕಿಗೆ ಹಿಡಿದರೆ ಹಿಂಬದಿಯ ಚಿತ್ರ ಮುಂಬದಿಯ ಚಿತ್ರದೊಳಗೆ ಬೆರೆತು, ಎದುರಿನವನ ಮನಸ್ಸಿನಲ್ಲಿರುವುದು ಕಾಣುತ್ತದೆ. ಮೊಬೈಲಿನಲ್ಲಿ ಓದುವವರಿಗೆ ಇದು ದಕ್ಕದು. ಕಾಗದ ಏಕೆ ಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಕೊಟ್ಟ ಕಾಮಿಕ್ಸ್ ಈಚೆಗೆ ಬಂದಿಲ್ಲ.

*

ಆ ಕತೆಯ ಖಳನಿಗೆ ಸೇನೆಯಿಲ್ಲ, ಆಯುಧವಿಲ್ಲ. ನೆರೆಮನೆಯವನ ಬಗ್ಗೆ ನಿಮ್ಮ ಕಿವಿಯಲ್ಲಿ ಒಂದು ಸಣ್ಣ ಸಂಶಯ ಉಸುರುತ್ತಾನೆ, ಅಷ್ಟೆ. ಊರು ತಾನಾಗಿ ಉರಿಯುತ್ತದೆ. ಇದಕ್ಕೆ ಎದುರಾಗಿ ನಾಯಕ ಮಾಡಬಹುದಾದದ್ದು ಇನ್ನೊಬ್ಬರ ಮನಸ್ಸಿನೊಳಗೆ ತಾಳ್ಮೆಯಿಂದ ನಿಂತು ನೋಡುವುದು. ಹೊಡೆದಾಟದಿಂದ ಸಾಧ್ಯವಾಗದ್ದನ್ನು ಗಮನದಿಂದ ಸಾಧಿಸುವ ನಾಯಕನನ್ನು ಈ ಪ್ರಕಾರ ಬಹುಕಾಲದಿಂದ ಕಾಯುತ್ತಿತ್ತು.

*

ಮಾರ್ವೆಲ್ ಕಂಪನಿಯ ಸ್ಪೈಡರ್‌ಮ್ಯಾನ್‌ಗೆ ಆದದ್ದು ಈ ನಾಯಕರಿಗೆ ಆದದ್ದಕ್ಕೆ ತಿರುಗುಮುರುಗು. ಅವನಿಂದ ಏನನ್ನೂ ಕಸಿಯಲಿಲ್ಲ. ಹಿಂದೆ ಕಸಿದಿದ್ದನ್ನು ಮರಳಿ ಕೊಟ್ಟರು. 1987ರಲ್ಲಿ ಪೀಟರ್ ಪಾರ್ಕರ್‌ಗೆ ಮೇರಿ ಜೇನ್ ಜೊತೆ ಮದುವೆಯಾಗಿತ್ತು. 2007ರಲ್ಲಿ ಮೆಫಿಸ್ಟೊ ಎಂಬ ಪಿಶಾಚಿಯೊಡನೆ ಒಪ್ಪಂದ ಮಾಡಿಸಿ ಆ ಮದುವೆಯನ್ನೇ ಅಳಿಸಿಹಾಕಿದರು. ಮದುವೆಯಾದವನಿಗೆ ವಯಸ್ಸಾಗುತ್ತದೆ, ವಯಸ್ಸಾದವನನ್ನು ಹುಡುಗರು ಓದುವುದಿಲ್ಲ ಎಂಬ ಹೆದರಿಕೆ ಸಂಪಾದಕರದು. 2024ರ ಜನವರಿಯಲ್ಲಿ ಜೊನಾಥನ್ ಹಿಕ್‌ಮನ್, ಮಾರ್ಕೊ ಕೆಕೆಟ್ಟೊ ಜೋಡಿ ಶುರುಮಾಡಿದ ‘ಅಲ್ಟಿಮೇಟ್ ಸ್ಪೈಡರ್‌ಮ್ಯಾನ್’ ಆ ಹೆದರಿಕೆಗೆ ಆಧಾರವೇ ಇಲ್ಲ ಎಂದು ತೋರಿಸಿತು. ಈ ಪೀಟರ್‌ಗೆ ಮೂವತ್ತು ದಾಟಿದೆ, ಹೆಂಡತಿಯಿದ್ದಾಳೆ, ಇಬ್ಬರು ಮಕ್ಕಳಿದ್ದಾರೆ. ತನ್ನ ಬದುಕಿನಲ್ಲಿ ಏನೋ ಆಗಬೇಕಿತ್ತು, ಆಗಲಿಲ್ಲ ಎಂಬ ಕೊರಗು ವರ್ಷಗಳಿಂದ ಅವನನ್ನು ಕಾಡುತ್ತಿದೆ. ಜೇಡ ಅವನನ್ನು ಆಕಸ್ಮಿಕವಾಗಿ ಕಚ್ಚುವುದಿಲ್ಲ. ಬೇಕಾದರೆ ಆರಿಸಿಕೋ ಎಂದು ಅವನ ಮುಂದೆ ಇಡಲಾಗುತ್ತದೆ. ಅವನು ಆರಿಸಿಕೊಳ್ಳುತ್ತಾನೆ.

*

ಹದಿನೈದರ ಹುಡುಗನಿಗೆ ಶಕ್ತಿ ಬಂದರೆ ಅದು ಸಾಹಸ. ಇಬ್ಬರು ಮಕ್ಕಳ ತಂದೆಗೆ ಬಂದರೆ ಅದು ನಿರ್ಧಾರ.

*

1962ರಿಂದ ಸ್ಪೈಡರ್‌ಮ್ಯಾನ್ ಕತೆಯ ತಳಪಾಯದಲ್ಲಿ ಇರುವುದು ಅಂಕಲ್ ಬೆನ್‌ನ ಸಾವು. ಹಿಕ್‌ಮನ್ ಬೆನ್‌ನನ್ನು ಬದುಕಿಸಿದರು. ಫಿಸ್ಕ್ ಎಂಬ ಪಾತಕಿಯ ಒಡೆತನದ ಪತ್ರಿಕೆಯಲ್ಲಿ ನಿಜ ಬರೆಯಲಾಗದೆ ಬೆನ್ ಮತ್ತು ಜೊನಾ ಜೇಮ್ಸನ್ ಎಂಬ ಇಬ್ಬರು ಮುದುಕರು ಕೆಲಸ ಬಿಟ್ಟು ಸ್ವಂತ ಪತ್ರಿಕೆ ಕಟ್ಟಲು ಹೊರಡುತ್ತಾರೆ. ಗೋಡೆ ಹತ್ತುವ ಪೀಟರ್‌ಗಿಂತ ಈ ಮುದುಕರ ಧೈರ್ಯ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿತು. ಪತ್ರಿಕೆಯ ಕೆಲಸವನ್ನು ಇಷ್ಟು ಪ್ರೀತಿಯಿಂದ ಕಂಡ ಸೂಪರ್‌ಹೀರೋ ಕಾಮಿಕ್ಸ್ ವಿರಳ.

*

ಅದೇ ಮಾಲೆಯ ನಾಲ್ಕನೇ ಸಂಚಿಕೆಯ ಬಹುಭಾಗ ಒಂದು ರಾತ್ರಿಯೂಟ. ಪೀಟರ್, ಮೇರಿ ಜೇನ್, ಹ್ಯಾರಿ, ಗ್ವೆನ್ ಹೋಟೆಲಿನಲ್ಲಿ ಕೂತು ಮಾತಾಡುತ್ತಾರೆ. ಐದು ಡಾಲರ್ ಕೊಟ್ಟು ಕೊಂಡದ್ದರಲ್ಲಿ ಹೊಡೆದಾಟವೇ ಇಲ್ಲ ಎಂದು ಸಿಟ್ಟಾದವರಿದ್ದಾರೆ. ನನ್ನ ಮಟ್ಟಿಗೆ ಆ ಮಾಲೆಯ ಎಲ್ಲಕ್ಕಿಂತ ಬಿಗಿಯಾದ ಸಂಚಿಕೆ ಅದು. ಒಬ್ಬ ಮುಚ್ಚಿಟ್ಟದ್ದು ಇನ್ನೊಬ್ಬಳಿಗೆ ಗೊತ್ತು, ಗೊತ್ತೆಂಬುದು ಮೂರನೆಯವನಿಗೆ ಗೊತ್ತಿಲ್ಲ. ನೀರಿನ ಲೋಟ ಎತ್ತುವ ಕೈಯನ್ನೂ ನಾವು ಹೆದರಿಕೊಂಡೇ ನೋಡುತ್ತೇವೆ.

*

ಅಲ್ಟಿಮೇಟ್ ಲೋಕದ ಇನ್ನೊಂದು ಶಿಸ್ತು ನನಗೆ ಮೆಚ್ಚುಗೆ. ಓದುಗನಿಗೆ ಒಂದು ತಿಂಗಳು ಕಳೆದರೆ ಕತೆಯಲ್ಲೂ ಒಂದು ತಿಂಗಳು ಕಳೆಯುತ್ತದೆ. ಸಾಮಾನ್ಯವಾಗಿ ಸೂಪರ್‌ಹೀರೋಗಳಿಗೆ ವಯಸ್ಸಾಗದು. ಎಂಟು ದಶಕಗಳಿಂದ ಬ್ಯಾಟ್‌ಮನ್‌ಗೆ ಮೂವತ್ತರ ಆಸುಪಾಸು. ಇಲ್ಲಿ ಮಕ್ಕಳು ಬೆಳೆಯುತ್ತಾರೆ, ಗಾಯ ಮಾಯಲು ವಾರಗಳು ಹಿಡಿಯುತ್ತವೆ. ಎರಡು ವರ್ಷದ ಗಡುವಿನ ಕೊನೆಗೆ, 2025ರ ಡಿಸೆಂಬರಿನಲ್ಲಿ ‘ಅಲ್ಟಿಮೇಟ್ ಎಂಡ್‌ಗೇಮ್’ ಆರಂಭಿಸಿ ಮಾರ್ವೆಲ್ ಆ ಲೋಕವನ್ನೇ ಮುಗಿಸಲು ಹೊರಟಿತು. ಇಷ್ಟು ಚೆನ್ನಾಗಿ ಮಾರಾಟವಾಗುತ್ತಿರುವುದನ್ನು ಏಕೆ ನಿಲ್ಲಿಸಬೇಕು ಎಂದು ಕೇಳಿದವರು ಬಹಳ. ಮುಗಿಯುತ್ತದೆಂದು ಗೊತ್ತಿದ್ದರಿಂದಲೇ ಅದು ಚೆನ್ನಾಗಿತ್ತು. ಮುಗಿಸುವ ಧೈರ್ಯ ಈ ಉದ್ಯಮದಲ್ಲಿ ಅಪರೂಪ.

*

ಅದೇ ಲೋಕದ ‘ಅಲ್ಟಿಮೇಟ್ಸ್’ ನಾಲ್ಕನೇ ಸಂಚಿಕೆಯನ್ನು ಎರಡು ಸಲ ಓದಬೇಕು. ಅಲ್ಲಿ ಡೆನಿಜ್ ಕ್ಯಾಂಪ್ ಡಾಕ್ಟರ್ ಡೂಮ್‌ನ ಬದುಕಿನ ಬೇರೆ ಬೇರೆ ಕಾಲಗಳನ್ನು ಒಂದೇ ಪುಟದಲ್ಲಿ ಒಟ್ಟಿಗೆ ನಡೆಸುತ್ತಾರೆ. ಮೊದಲು ಪುಟದ ಪ್ರಕಾರ, ಆಮೇಲೆ ಕಾಲದ ಪ್ರಕಾರ ಓದಿ. ಸಿನಿಮಾಕ್ಕೆ ಇದು ಆಗದು, ಕಾದಂಬರಿಗೂ ಆಗದು. ಬ್ರೂನೊ ರೆಡೊಂಡೊ ‘ನೈಟ್‌ವಿಂಗ್’ 87ನೇ ಸಂಚಿಕೆಯನ್ನು ಮೊದಲ ಪುಟದಿಂದ ಕೊನೆಯವರೆಗೆ ಒಂದೇ ಉದ್ದನೆಯ ಚಿತ್ರವಾಗಿ ಬಿಡಿಸಿದ್ದೂ ಇಂಥದೇ ಹಟ. ಸಿನಿಮಾದ ಹಿಂದೆ ಓಡುವ ಕಾಮಿಕ್ಸ್ ಯಾವಾಗಲೂ ಎರಡು ಹೆಜ್ಜೆ ಹಿಂದಿರುತ್ತದೆ. ತನ್ನ ಹಾಳೆಯನ್ನು ನಂಬಿದ ಕಾಮಿಕ್ಸ್‌ಗೆ ಓಡುವ ಅಗತ್ಯವೇ ಇಲ್ಲ.

*

ಸಾವು ಈ ಪ್ರಕಾರದ ಅತ್ಯಂತ ದೊಡ್ಡ ಸುಳ್ಳು. 1992ರಲ್ಲಿ ‘ಸೂಪರ್‌ಮ್ಯಾನ್’ 75ನೇ ಸಂಚಿಕೆಯಲ್ಲಿ ನಾಯಕ ಸತ್ತಾಗ ಅಂಗಡಿಗಳ ಮುಂದೆ ಸಾಲು ನಿಂತಿತ್ತು. ಕಪ್ಪು ಚೀಲದಲ್ಲಿ ಮುಚ್ಚಿ, ಒಳಗೆ ಶೋಕದ ತೋಳುಪಟ್ಟಿ ಇಟ್ಟು ಮಾರಿದರು. ಮರುವರ್ಷ ಅವನು ಎದ್ದು ಬಂದ. 2023ರ ಮೇ ತಿಂಗಳಲ್ಲಿ ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ 26ನೇ ಸಂಚಿಕೆಯಲ್ಲಿ ಇನ್ನೊಬ್ಬ ಸೂಪರ್‌ಹೀರೋ ಕಮಲಾ ಖಾನ್‌ಳನ್ನು ಕೊಂದರು. ಅವಳದ್ದಲ್ಲದ ಪುಸ್ತಕದಲ್ಲಿ, ಇನ್ನೊಬ್ಬನ ಕತೆಗೆ ಕಣ್ಣೀರು ಒದಗಿಸಲು, ಪಾಕಿಸ್ತಾನಿ ಮೂಲದ ಆ ಹುಡುಗಿಯನ್ನು ಬಳಸಿಕೊಂಡರು. ಜುಲೈನಲ್ಲಿ ಮತ್ತೆ ಬದುಕಿಸಿದರು. ಆ ಹುಡುಗಿಯಲ್ಲಿ ತಮ್ಮ ಮುಖವನ್ನು ಮೊದಲ ಸಲ ಕಂಡಿದ್ದ ಓದುಗರಿಗೆ ಇದು ಅವಮಾನ. ನನ್ನ ಮಾತು ಕಟುವಾಗಿದ್ದರೆ ಹಾಗೇ ಇರಲಿ.

*

1988ರಲ್ಲಿ ಬ್ಯಾಟ್‌ಮನ್‌ನ ಜೊತೆಗಾರ ರಾಬಿನ್ ವೇಷದ ಜೇಸನ್ ಟಾಡ್ ಬದುಕಬೇಕೋ ಸಾಯಬೇಕೋ ಎಂದು ಓದುಗರ ದೂರವಾಣಿ ಮತ ಕೇಳಿದ್ದರು. ಸಾಯಲಿ ಎಂದವರು 5,343. ಬದುಕಲಿ ಎಂದವರು 5,271. 72 ಮತಗಳಿಂದ ಒಬ್ಬ ಹುಡುಗ ಸತ್ತ. ಇವತ್ತು ಪ್ರತಿ ಕತೆಗಾರನ ಕಿವಿಗೂ ಓದುಗರ ಗದ್ದಲ ಗಂಟೆಗಂಟೆಗೆ ತಲುಪುತ್ತದೆ. ಆ ಗದ್ದಲಕ್ಕೆ ಕಿವಿಗೊಟ್ಟು ಬರೆದ ಸಂಚಿಕೆ ಎರಡೇ ಪುಟದಲ್ಲಿ ಗುರುತು ಸಿಗುತ್ತದೆ. ಅದರಲ್ಲಿ ಯಾರಿಗೂ ಬೇಸರವಾಗುವುದಿಲ್ಲ, ಯಾರಿಗೂ ಬೆರಗೂ ಆಗುವುದಿಲ್ಲ.

*

2025ರ ಮಾರ್ಚಿನಲ್ಲಿ ಜೆಫ್ ಲೋಬ್, ಜಿಮ್ ಲೀ ಮತ್ತೆ ಒಂದಾಗಿ ಬ್ಯಾಟ್‌ಮನ್‌ನ ಹಳೆಯ ‘ಹಷ್’ ಕತೆಯನ್ನು ಮುಂದುವರಿಸಿದರು. ಗೆರೆಗಳು ಈಗಲೂ ಹೊಳೆಯುತ್ತವೆ. ಕತೆ ಮಾತ್ರ 2002ರ ನೆನಪಿನ ಮೇಲೆ ಬದುಕುತ್ತಿದೆ, ಸಂಚಿಕೆಗಳೂ ತಡವಾದವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮ್ಯಾಟ್ ಫ್ರ್ಯಾಕ್ಷನ್, ಹೋರ್ಹೆ ಹಿಮೆನೆಜ್ ಹೊಸ ಒಂದನೇ ಸಂಚಿಕೆಯೊಂದಿಗೆ ಬಂದಾಗ ಕಿಟಕಿ ತೆರೆದಂತಾಯಿತು. ಅವರ ಬ್ಯಾಟ್‌ಮನ್ ಕ್ರಾಕ್‌ನನ್ನು ಸದೆಬಡಿಯುವುದಕ್ಕಿಂತ ಅರ್ಥಮಾಡಿಕೊಳ್ಳಲು ಹೆಚ್ಚು ಹೊತ್ತು ಕೊಡುತ್ತಾನೆ.

*

ಮಾರ್ವೆಲ್‌ನ ಡೆಡ್‌ಪೂಲ್ ಮತ್ತು ಡಿಸಿಯ ಬ್ಯಾಟ್‌ಮನ್ 2025ರಲ್ಲಿ ಎದುರಾದರು. 2003-04ರ ‘ಜೆಎಲ್ಎ/ಅವೆಂಜರ್ಸ್’ ನಂತರ ಎರಡು ಕಂಪನಿಗಳ ನಾಯಕರು ಹೊಸ ಕತೆಯೊಂದರಲ್ಲಿ ಭೇಟಿಯಾದದ್ದು ಅದೇ ಮೊದಲು. ಒಂದು ಸಂಜೆಗೆ ಸಾಕಾಗುವಷ್ಟು ಸಂತೋಷ. ಅದಕ್ಕಿಂತ ಹೆಚ್ಚು ಬಯಸಬಾರದು.

*

ಒಂದು ಸಂಚಿಕೆಯೆಂದರೆ 20-22 ಪುಟ. ಒಬ್ಬ ಚಿತ್ರಕಾರ ದಿನಕ್ಕೆ ಒಂದು ಪುಟ ಬಿಡಿಸಿದರೆ ತಿಂಗಳ ಕೆಲಸದ ದಿನಗಳು ಅಲ್ಲಿಗೇ ಮುಗಿದವು. ಹಿನ್ನೆಲೆಯ ಕಿಟಕಿ, ಬೀದಿದೀಪ, ಗುಂಪಿನಲ್ಲಿರುವ ಇಪ್ಪತ್ತು ಮುಖ ಎಲ್ಲವೂ ಅದರಲ್ಲೇ ಆಗಬೇಕು. ನಾವು ಆ ಸಂಚಿಕೆಯನ್ನು ಕಾಲು ಗಂಟೆಯಲ್ಲಿ ಓದಿ ಮುಗಿಸುತ್ತೇವೆ. ಮುಂದಿನ ತಿಂಗಳು ಬೇರೆ ಚಿತ್ರಕಾರ ಬಂದರೆ ಗೊಣಗುತ್ತೇವೆ. ದುಡಿಯುವವನ ಬೆರಳಿನ ನೋವು ಓದುಗನ ಲೆಕ್ಕದಲ್ಲಿ ಇರಬೇಕು.

*

ಬಣ್ಣ ಹಚ್ಚುವವರ ಹೆಸರು ಮುಖಪುಟಕ್ಕೆ ಬರಲು ದಶಕಗಳು ಬೇಕಾದವು. ‘ಅಬ್ಸಲ್ಯೂಟ್ ವಂಡರ್ ವುಮನ್’ನ ನರಕ ನಮಗೆ ಬೆಚ್ಚಗೆ ಅನ್ನಿಸುವುದು ಜೋರ್ಡಿ ಬೆಲ್ಲೇರ್ ಹಚ್ಚಿದ ಕೆಂಪಿನಿಂದ. ‘ಸೂಪರ್‌ಗರ್ಲ್: ವುಮನ್ ಆಫ್ ಟುಮಾರೊ’ದ ಎಂಟು ಸಂಚಿಕೆಗಳಲ್ಲಿ ಬಿಲ್ಕಿಸ್ ಎವ್ಲಿಯ ಗೆರೆಗಳಿಗೆ ಆಕಾಶ ಕೊಟ್ಟವರು ಮಥೆಯುಸ್ ಲೋಪೆಸ್. ಅಕ್ಷರ ಬರೆಯುವವರ ಗತಿ ಇನ್ನೂ ಕಡೆ. ಹಸನ್ ಒಟ್ಸ್‌ಮನ್-ಎಲ್ಹಾವು ಮಂಗಳದವನ ದನಿಗೆ ಕೊಟ್ಟ ಆಕಾರವನ್ನು ನೋಡಿದವರು, ಕಾಗದದ ಮೇಲೂ ಸದ್ದು ಕೇಳಿಸುತ್ತದೆ ಎಂದು ಒಪ್ಪುತ್ತಾರೆ.

*

ಸೀಗಲ್ ಮತ್ತು ಶುಸ್ಟರ್ ಸೂಪರ್‌ಮ್ಯಾನ್‌ನ ಹಕ್ಕನ್ನು ಮಾರಿದ್ದು 130 ಡಾಲರಿಗೆ. ಅವನ ಮೊದಲ ಸಂಚಿಕೆಯ ಒಂದು ಪ್ರತಿ 2024ರ ಏಪ್ರಿಲ್‌ನಲ್ಲಿ ಹರಾಜಾದದ್ದು 60 ಲಕ್ಷ ಡಾಲರಿಗೆ. ಬ್ಯಾಟ್‌ಮನ್‌ಗೆ ರೂಪ ಕೊಡಲು ದುಡಿದ ಬಿಲ್ ಫಿಂಗರ್ 1974ರಲ್ಲಿ ತೀರಿಕೊಂಡರು. ಸಿನಿಮಾ, ಟಿವಿಯಲ್ಲಿ ಬ್ಯಾಟ್‌ಮನ್ ಸೃಷ್ಟಿಕರ್ತರ ಸಾಲಿನಲ್ಲಿ ಅವರ ಹೆಸರು ಬರತೊಡಗಿದ್ದು 2015ರಿಂದ. ನ್ಯಾಯಕ್ಕಾಗಿ ಹೊಡೆದಾಡುವ ನಾಯಕರನ್ನು ಕಟ್ಟಿದ ಉದ್ಯಮ ತನ್ನ ಮನೆಯೊಳಗೆ ನ್ಯಾಯ ಕೊಡಲು ಇಷ್ಟು ತಡಮಾಡಿತು. ಹೊಸ ಸಂಚಿಕೆಯನ್ನು ಹೊಗಳುವಾಗಲೂ ಇದನ್ನು ಮರೆಯಬಾರದು.

*

ಗಾಜಿನಂಥ ಪ್ಲಾಸ್ಟಿಕ್ಕಿನಲ್ಲಿ ಶಾಶ್ವತವಾಗಿ ಮುಚ್ಚಿ, ಹತ್ತಕ್ಕೆ 9.8 ಅಂಕ ಕೊಟ್ಟ ಕಾಮಿಕ್ಸನ್ನು ಓದಲಾಗದು. 25 ಪ್ರತಿ ತರಿಸಿದ ಅಂಗಡಿಗೆ ಒಂದೇ ಒಂದು ಸಿಗುವ ವಿಶೇಷ ಮುಖಪುಟಕ್ಕಾಗಿ ಅಂಗಡಿಯವರು ಓದುಗರಿಲ್ಲದ ಪ್ರತಿಗಳನ್ನೂ ಕೊಳ್ಳುತ್ತಾರೆ. 1990ರ ದಶಕದ ಆರಂಭದಲ್ಲಿ ಇದೇ ಹುಚ್ಚು ಹಬ್ಬಿತ್ತು. ಸಾವಿರಾರು ಅಂಗಡಿಗಳು ಮುಚ್ಚಿದವು, 1996ರಲ್ಲಿ ಮಾರ್ವೆಲ್ ಕಂಪನಿಯೇ ದಿವಾಳಿಯ ಅರ್ಜಿ ಹಾಕಿತು. 2025ರ ಜನವರಿಯಲ್ಲಿ ದಶಕಗಳ ಕಾಲ ಅಮೆರಿಕದ ಅಂಗಡಿಗಳಿಗೆ ಕಾಮಿಕ್ಸ್ ಹಂಚುತ್ತಿದ್ದ ಡೈಮಂಡ್ ಸಂಸ್ಥೆ ದಿವಾಳಿ ರಕ್ಷಣೆ ಕೋರಿತು. ಪಾಠ ಹೇಳಲು ಇಷ್ಟು ಉದಾಹರಣೆಗಳಿದ್ದರೂ ಕೊಳ್ಳುವವರು ಓದುವವರಾಗಿಲ್ಲ.

*

2025ರ ಅಕ್ಟೋಬರಿನಲ್ಲಿ ನ್ಯೂಯಾರ್ಕ್ ಕಾಮಿಕ್ ಕಾನ್‌ನಲ್ಲಿ ಜಿಮ್ ಲೀ, ಯಂತ್ರ ತಯಾರಿಸಿದ ಕತೆಗೂ ಚಿತ್ರಕ್ಕೂ ಡಿಸಿಯಲ್ಲಿ ಜಾಗವಿಲ್ಲ ಎಂದು ಸಾರಿದರು. ಆ ಮಾತು ಉಳಿಯಬೇಕು. ಹತ್ತು ಜನರ ತಲೆಯ ಮೇಲಿನ ಹತ್ತು ಹೊಗೆಯನ್ನು ಬಿಡಿಸಿದ ಕೈ ಹತ್ತು ದುಃಖಗಳನ್ನು ಯೋಚಿಸಿತ್ತು.

*

ಮುಸುಕಿನ ನಾಯಕನನ್ನು ಕನ್ನಡದ ಮಕ್ಕಳು ಹಿಂದೆಯೇ ಕಂಡಿದ್ದರು. ಲೀ ಫಾಕ್ 1936ರಲ್ಲಿ ಶುರುಮಾಡಿದ ಫ್ಯಾಂಟಮ್ 1964ರಿಂದ ಇಂದ್ರಜಾಲ ಕಾಮಿಕ್ಸ್ ಮೂಲಕ ಭಾರತದ ಮನೆಮನೆಗೆ ಬಂದ. ಆ ಮಾಲೆ ಕೆಲಕಾಲ ಕನ್ನಡದಲ್ಲೂ ಪ್ರಕಟವಾಯಿತು. 2006ರಲ್ಲಿ ಶುರುವಾದ ವರ್ಜಿನ್ ಕಾಮಿಕ್ಸ್‌ನ ಚಿತ್ರಶಾಲೆ ಇದ್ದದ್ದು ಬೆಂಗಳೂರಿನಲ್ಲಿ. ಮುಂಬೈಯಲ್ಲಿ ಹುಟ್ಟಿದ ರಾಮ್ ವಿ 2022ರಿಂದ ‘ಡಿಟೆಕ್ಟಿವ್ ಕಾಮಿಕ್ಸ್’ ಬರೆದು ಗೋಥಮ್ ನಗರವನ್ನು ಒಂದು ಸಂಗೀತನಾಟಕವಾಗಿ ಕಟ್ಟಿದರು. ಆಮೇಲೆ ಜ್ಯಾಕ್ ಕರ್ಬಿಯ ‘ನ್ಯೂ ಗಾಡ್ಸ್’ಗೆ ಇವಾನ್ ಕೇಗಲ್ ಜೊತೆ ಹೊಸ ಜೀವ ಕೊಟ್ಟರು. ಬರೆಯುವವರೂ ಚಿತ್ರಿಸುವವರೂ ನಮ್ಮ ಸುತ್ತ ಇದ್ದಾರೆ. ಕನ್ನಡದ ಪ್ರಕಾಶಕರಲ್ಲಿ ಒಬ್ಬರಾದರೂ ಹಕ್ಕು ಪಡೆದು ‘ಸೂಪರ್‌ಗರ್ಲ್: ವುಮನ್ ಆಫ್ ಟುಮಾರೊ’ದಂಥ ಒಂದು ಪೂರ್ಣ ಕತೆಯನ್ನು ಕನ್ನಡಕ್ಕೆ ತರಲಿ. ಅಪ್ಪನನ್ನು ಕಳೆದುಕೊಂಡು ಸೇಡಿಗೆ ಹೊರಟ ರೈತರ ಹುಡುಗಿಯೊಬ್ಬಳು ಹೇಳುವ ಆ ಕತೆಗೆ ಇಲ್ಲಿ ಓದುಗರು ಖಂಡಿತ ಸಿಗುತ್ತಾರೆ.

*

ಹೊಸದಾಗಿ ಓದಲು ಹೊರಟವರು ಎಂಬತ್ತು ವರ್ಷದ ಹಿಂದಿನ ಕತೆ ಗೊತ್ತಿಲ್ಲವೆಂದು ಹಿಂಜರಿಯಬೇಡಿ. ‘ಅಬ್ಸಲ್ಯೂಟ್ ಮಾರ್ಷಿಯನ್ ಮ್ಯಾನ್‌ಹಂಟರ್’ನಿಂದ ಶುರುಮಾಡಿ, ಸಾಧ್ಯವಾದರೆ ಕಾಗದದಲ್ಲೇ ಓದಿ. ಅದು ಹಿಡಿಸಿದರೆ ವಂಡರ್ ವುಮನ್‌ಗೆ, ಆಮೇಲೆ ಅಲ್ಟಿಮೇಟ್ ಸ್ಪೈಡರ್‌ಮ್ಯಾನ್‌ಗೆ ಹೋಗಿ. ಓದಿ ಮುಗಿಸಿದ ಪ್ರತಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಬೇಡಿ, ಮನೆಯ ಮಕ್ಕಳ ಕೈಗೆ ಕೊಡಿ.